ತಿಳಿಸುವುದು, ಘೋಷಿಸುವುದು, ಭಾಷೆ ಕೊಡುವುದು

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಪದವಿ ವಿದ್ಯಾರ್ಥಿಗಳು ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ಓದುವ ಮಾರ್ಗದರ್ಶಿ ಪುಸ್ತಕಗಳಲ್ಲಿ ಲ್ಯಾಟಿನ್ ಧಾತುಗಳ ಪಟ್ಟಿಯೊಂದು ಇರುವುದು ವಾಡಿಕೆ. ‘ಡಿಕ್ಟ್’ ಎಂದರೆ ಹೇಳು, ‘ಲೊಕ್’ ಎಂದರೆ ಮಾತನಾಡು, ‘ವೊಕ್’ ಎಂದರೆ ಕರೆ, ‘ಕ್ಲೇಮ್’ ಎಂದರೆ ಕೂಗು, ‘ನೌನ್ಸ್’ ಎಂದರೆ ಸುದ್ದಿ ಮುಟ್ಟಿಸು. ಇಷ್ಟನ್ನು ಬಾಯಿಪಾಠ ಮಾಡಿದರೆ ಇಂಗ್ಲಿಷಿನ ನೂರಾರು ಪದಗಳು ಕೈವಶವಾಗುತ್ತವೆ ಎಂಬುದು ಆ ಪುಸ್ತಕಗಳ ಭರವಸೆ. ಪಟ್ಟಿ ಸುಳ್ಳಲ್ಲ. ಆದರೆ ಅದು ಎರಡು ಸಂಗತಿಗಳನ್ನು ಮರೆಮಾಡುತ್ತದೆ. ಈ ಪದಗಳು ಬರಿಯ ಮಾತಿನ ಪದಗಳಲ್ಲ, ಮಾತಿನಿಂದ ಅಧಿಕಾರ ನಡೆಸಿದ ಸಮಾಜವೊಂದರ ಪದಗಳು ಎಂಬುದು ಮೊದಲನೆಯದು. ಇವುಗಳಿಗೆ ಸರಿದೊರೆಯಾದ, ಕೆಲವೆಡೆ ಇವುಗಳಿಗಿಂತ ಸೂಕ್ಷ್ಮವಾದ, ಕ್ರಿಯಾಪದಗಳ ಭಂಡಾರವೊಂದು ಕನ್ನಡದಲ್ಲಿಯೇ ಇದೆ ಎಂಬುದು ಎರಡನೆಯದು. ಈ ಎರಡನ್ನೂ ಮರೆತುದರ ಪರಿಣಾಮ ತರಗತಿಯಲ್ಲಿ ಅಷ್ಟಾಗಿ ತೋರದು. ತಹಶೀಲ್ದಾರರ ಕಚೇರಿಯ ಅರ್ಜಿಯ ಕೊನೆಯಲ್ಲಿ, ಸಹಿ ಹಾಕುವ ಜಾಗದ ಮೇಲಿನ ಒಂದು ಸಾಲಿನಲ್ಲಿ ಅದು ಸ್ಪಷ್ಟವಾಗಿ ತೋರುತ್ತದೆ.

ಮೊದಲು ಲ್ಯಾಟಿನ್ನಿನ ಸಂಗತಿ. ‘ದೀಕೆರೆ’ ಎಂಬ ಧಾತುವಿನಿಂದ ಹುಟ್ಟಿದ ಇಂಗ್ಲಿಷ್ ಪದಗಳನ್ನು ನೋಡಬಹುದು. ‘ವರ್ಡಿಕ್ಟ್’ ಎಂದರೆ ನಿಜವಾಗಿ ನುಡಿದದ್ದು. ‘ಜ್ಯೂರಿಸ್‌ಡಿಕ್ಷನ್’ ಎಂದರೆ ಧರ್ಮವನ್ನು, ನ್ಯಾಯವನ್ನು ನುಡಿಯುವ ಅಧಿಕಾರ. ‘ಎಡಿಕ್ಟ್’ ಎಂದರೆ ಹೊರಗೆ ನುಡಿದದ್ದು, ಅಂದರೆ ಆಳುವವನ ಶಾಸನ. ಇಂದು ವ್ಯಸನಿ ಎಂಬರ್ಥದಲ್ಲಿ ಬಳಕೆಯಾಗುವ ‘ಅಡಿಕ್ಟ್’ ಎಂಬ ಪದದ ಚರಿತ್ರೆ ಇನ್ನೂ ಕಠೋರವಾದುದು. ಸಾಲ ತೀರಿಸಲಾರದವನನ್ನು ರೋಮಿನ ನ್ಯಾಯಾಧಿಕಾರಿ ಸಾಲಿಗನ ವಶಕ್ಕೆ ‘ಇವನು ಇವನಿಗೆ’ ಎಂದು ನುಡಿದು ಒಪ್ಪಿಸುತ್ತಿದ್ದ. ಹಾಗೆ ನುಡಿಯಲ್ಪಟ್ಟವನು ‘ಅಡಿಕ್ಟಸ್’. ಒಬ್ಬ ಮನುಷ್ಯನ ಸ್ವಾತಂತ್ರ್ಯ ಒಂದು ಕ್ರಿಯಾಪದದಲ್ಲಿ ಮುಗಿದುಹೋಗುತ್ತಿತ್ತು. ರೋಮಿನ ವಿದ್ವಾಂಸ ವಾರೋ ತನ್ನ ಭಾಷಾಗ್ರಂಥದಲ್ಲಿ ತಿಳಿಸುವಂತೆ, ಪ್ರೇಟರ್ ಎಂಬ ಆ ಅಧಿಕಾರಿಯ ನ್ಯಾಯದಾನವೆಲ್ಲ ಮೂರು ಮಾತುಗಳಲ್ಲಿ ಅಡಗಿತ್ತು: ಕೊಡುತ್ತೇನೆ, ನುಡಿಯುತ್ತೇನೆ, ಒಪ್ಪಿಸುತ್ತೇನೆ. ಈ ಮೂರು ಮಾತುಗಳನ್ನು ಆಡಬಹುದಾದ ದಿನಗಳು ಬೇರೆ, ಆಡಬಾರದ ದಿನಗಳು ಬೇರೆ ಎಂದು ಅವರ ದಿನಗಣನೆಯೇ ವಿಂಗಡವಾಗಿತ್ತು.

ನುಡಿಯುವುದು ಎಂಬರ್ಥದ ‘ಫಾರಿ’ ಧಾತುವಿನ ಸಂತಾನವೂ ಇಂಥದೇ. ‘ಇನ್‌ಫಂಟ್’ ಎಂದರೆ ಇನ್ನೂ ನುಡಿಯದ ಕೂಸು. ‘ಫೇಟ್’ ಎಂದರೆ ನುಡಿಯಲ್ಪಟ್ಟದ್ದು. ರೋಮನರಿಗೆ ವಿಧಿ ಎಂಬುದು ದೇವತೆಗಳು ಆಡಿದ ಮಾತು, ಕನ್ನಡಿಗನಿಗೆ ಅದು ಹಣೆಬರಹ. ಒಬ್ಬರಿಗೆ ವಿಧಿ ಕಿವಿಗೆ ಸೇರಿದ್ದು, ಇನ್ನೊಬ್ಬರಿಗೆ ಬರವಣಿಗೆಗೆ ಸೇರಿದ್ದು. ಇದೇ ಧಾತುವಿನ ‘ಪ್ರಿಫೇಸ್’ ಎಂಬ ಪದವಂತೂ ಕನ್ನಡದ ‘ಮುನ್ನುಡಿ’ಯ ಅಚ್ಚಿನಲ್ಲಿಯೇ ಎರಕ ಹೊಯ್ದಂತಿದೆ. ಮುನ್ ಮತ್ತು ನುಡಿ, ಅತ್ತ ‘ಪ್ರೇ’ ಮತ್ತು ‘ಫಾರಿ’. ಕೂಗಿ ಕರೆಯುವುದು ಎಂಬರ್ಥದ ‘ಕಲಾರೆ’ ಧಾತುವಿನಿಂದ ತಿಂಗಳ ಮೊದಲ ದಿನವಾದ ‘ಕಲೆಂಡೆ’ ಬಂತು. ಆ ದಿನ ಪುರೋಹಿತರು ಹೊಸ ಮಾಸವನ್ನು ಕೂಗಿ ಸಾರುತ್ತಿದ್ದರು. ಪ್ರತಿ ಮನೆಯ ಗೋಡೆಯ ಮೇಲೆ ತೂಗುವ ‘ಕ್ಯಾಲೆಂಡರ್’ ಮೂಲತಃ ಒಂದು ಕೂಗು. ಯುಗಾದಿಯಂದು ಪಂಚಾಂಗವನ್ನು ಓದಿಸಿ ಕೇಳುವ ಊರುಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಭಾಷಾಕುಲಗಳ ಮಾತು ಬರುತ್ತದೆ. ಲ್ಯಾಟಿನ್ನಿನ ‘ದೀಕೆರೆ’ಯ ಮೂಲಾರ್ಥ ಹೇಳುವುದಲ್ಲ, ಬೊಟ್ಟುಮಾಡಿ ತೋರಿಸುವುದು. ಸಂಸ್ಕೃತದ ‘ದಿಶ್’ ಧಾತು ಅದರ ಒಡಹುಟ್ಟು. ಆದೇಶ, ಉಪದೇಶ, ಸಂದೇಶ, ನಿರ್ದೇಶ, ದಿಕ್ಕು ಇವೆಲ್ಲ ಆ ಮನೆತನದವೇ. ಹಾಗೆಯೇ ‘ವೊಕಾರೆ’, ‘ವಾಯ್ಸ್’, ‘ವೊಕಲ್’ ಎಂಬ ಬಳಗಕ್ಕೂ ‘ವಾಕ್’, ‘ವಚನ’ಗಳಿಗೂ ರಕ್ತಸಂಬಂಧವಿದೆ. ಈ ಸಂಬಂಧದ ಮೊದಲ ಸುಳಿವುಗಳು ಯುರೋಪಿಗೆ ಹೋದದ್ದು ಪಶ್ಚಿಮ ಕರಾವಳಿಯಿಂದಲೇ. ಗೋವೆಯಲ್ಲಿದ್ದ ಇಂಗ್ಲಿಷ್ ಜೆಸ್ಯುಯಿಟ್ ಥಾಮಸ್ ಸ್ಟೀಫನ್ಸ್ 1583ರಲ್ಲಿ ತನ್ನ ತಮ್ಮನಿಗೆ ಬರೆದ ಪತ್ರದಲ್ಲಿ ಇಲ್ಲಿಯ ಭಾಷೆಗಳ ರಚನೆ ಗ್ರೀಕ್ ಮತ್ತು ಲ್ಯಾಟಿನ್ನನ್ನು ಹೋಲುತ್ತದೆ ಎಂದು ಸೂಚಿಸಿದ. ಫ್ಲಾರೆನ್ಸಿನ ವರ್ತಕ ಫಿಲಿಪ್ಪೋ ಸಸೆಟ್ಟಿ ಅದೇ ದಶಕದಲ್ಲಿ ಸಂಸ್ಕೃತದ ಸಂಖ್ಯಾವಾಚಕಗಳಿಗೂ ಇಟಾಲಿಯನ್ ಪದಗಳಿಗೂ ಇರುವ ಹೋಲಿಕೆಯನ್ನು ಗುರುತಿಸಿದ. ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ತನ್ನ ಪ್ರಸಿದ್ಧ ಉಪನ್ಯಾಸವನ್ನು ಮಾಡಿದ್ದು ಇದಾದ ಇನ್ನೂರು ವರ್ಷಗಳ ಮೇಲೆ, 1786ರಲ್ಲಿ. ದಕ್ಷಿಣದ ಭಾಷೆಗಳದು ಬೇರೆಯೇ ಕುಲವೆಂದು ಮದರಾಸಿನ ಎಫ್. ಡಬ್ಲ್ಯು. ಎಲ್ಲಿಸ್ 1816ರಲ್ಲಿ ತೋರಿಸಿಕೊಟ್ಟ. ಹೀಗಾಗಿ ಹೊನ್ನಾವರದ ವಿದ್ಯಾರ್ಥಿಯೊಬ್ಬಳು ‘ಆದೇಶ’ವನ್ನೂ ‘ವಚನ’ವನ್ನೂ ಬಲ್ಲಳಾದರೆ ಲ್ಯಾಟಿನ್ ಪಟ್ಟಿಯ ಎರಡು ಮುಖ್ಯ ಧಾತುಗಳನ್ನು ಆಗಲೇ ಬಲ್ಲಳು. ಅದನ್ನು ಆಕೆಗೆ ಯಾರೂ ಹೇಳಿಕೊಡುವುದಿಲ್ಲ ಎಂಬುದೇ ಕೊರತೆ.

ಆದರೆ ಕನ್ನಡದ ನಿಜವಾದ ಆಸ್ತಿ ಈ ಸಂಸ್ಕೃತದ ಸಂಬಂಧವಲ್ಲ, ದೇಶ್ಯ ಧಾತುಗಳು. ಕೇಶಿರಾಜನ ಶಬ್ದಮಣಿದರ್ಪಣದ ಧಾತುಪಾಠವನ್ನು ತೆರೆದವರಿಗೆ ಕನ್ನಡಕ್ಕೆ ಸ್ವಂತ ಧಾತುಸಂಪತ್ತು ಎಷ್ಟಿದೆ ಎಂಬುದು ತಿಳಿದೇ ಇರುತ್ತದೆ. ಮಾತಿಗೆ ಸಂಬಂಧಿಸಿದವನ್ನಷ್ಟೇ ಆಯ್ದುಕೊಂಡರೂ ಎನ್, ನುಡಿ, ಪೇಳ್, ಒರೆ, ಉಸಿರ್, ಸಾಱು, ಅಱಿಪು, ಬೆಸಸು, ಬಿನ್ನವಿಸು ಎಂದು ಸಾಲು ಬೆಳೆಯುತ್ತದೆ. ಇವುಗಳಲ್ಲಿ ಕೊನೆಯದು ‘ವಿಜ್ಞಾಪನ’ದ ತದ್ಭವವಾದ ಬಿನ್ನಪದಿಂದ ಬಂದದ್ದಾದರೂ ಕನ್ನಡದ ಮೈಗೆ ಹೊಂದಿಕೊಂಡಿದೆ. ಈ ಕ್ರಿಯಾಪದಗಳು ಒಂದಕ್ಕೊಂದು ಪರ್ಯಾಯವಲ್ಲ. ಅರಸನು ಬೆಸಸುತ್ತಾನೆ, ಪ್ರಜೆ ಬಿನ್ನವಿಸುತ್ತಾನೆ, ದೂತನು ಅಱಿಪುತ್ತಾನೆ, ಡಂಗುರದವನು ಸಾರುತ್ತಾನೆ. ಮಾತನಾಡುವವನು ಯಾರು, ಕೇಳುವವನು ಯಾರು, ಅವರ ನಡುವಿನ ಅಂತರ ಎಷ್ಟು ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ಲ್ಯಾಟಿನ್ ಧಾತುಗಳು ಉಪಸರ್ಗಗಳನ್ನು ಹಚ್ಚಿಕೊಂಡು ಮಾಡುವ ಕೆಲಸವನ್ನು ಹಳಗನ್ನಡ ಬೇರೆ ಬೇರೆ ಧಾತುಗಳನ್ನು ಆರಿಸಿಕೊಂಡು ಮಾಡಿತು. ಘೋಷಿಸು ಎಂಬರ್ಥದ ‘ಸಾಱು’ ಶಕಟರೇಫವುಳ್ಳದ್ದು, ಸಮೀಪಿಸು ಎಂಬರ್ಥದ ‘ಸಾರ್’ ಸಾಮಾನ್ಯ ರೇಫದ್ದು. ಶಕಟರೇಫ ಬಳಕೆ ತಪ್ಪಿದ ಮೇಲೆ ಎರಡೂ ಕಣ್ಣಿಗೆ ಒಂದಾದವು, ಆದರೂ ಪ್ರಯೋಗದಲ್ಲಿ ಅರ್ಥ ಕೆಡಲಿಲ್ಲ.

ಈ ಮೂರು ತಾಲೂಕುಗಳ ನೆಲ ಇಂಥ ಮಾತಿನ ದಾಖಲೆಗಳ ನೆಲ. ಭಟ್ಕಳದ ಬಸದಿಗಳು, ಹಾಡುವಳ್ಳಿಯ ಬಸದಿಗಳು, ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ನಗರಬಸ್ತಿಕೇರಿಯ ಚತುರ್ಮುಖ ಬಸದಿಯ ಪರಿಸರ, ಇವೆಲ್ಲ ಶಾಸನಗಳಿಂದ ಸಮೃದ್ಧವಾದ ತಾಣಗಳು. ಜೈನ ಶಾಸನಗಳು ಬಹುಮಟ್ಟಿಗೆ ಸ್ಯಾದ್ವಾದವನ್ನು ಜಿನಶಾಸನದ ಗುರುತಾಗಿ ಸ್ತುತಿಸುವ ಶ್ಲೋಕದಿಂದ ಮೊದಲಾಗುತ್ತವೆ. ಕಲ್ಲಿನ ಬರಹವೂ ‘ಶಾಸನ’, ಜಿನನ ಬೋಧೆಯೂ ‘ಶಾಸನ’, ವಿಧಾನಸಭೆ ಮಾಡುವುದೂ ‘ಶಾಸನ’. ದಾನವನ್ನು ಸಾರಿ, ಎಲ್ಲೆಗಳನ್ನು ಹೇಳಿ, ಕೆಡಿಸಿದವನಿಗೆ ಶಾಪವನ್ನು ನುಡಿದು ಶಾಸನ ಮುಗಿಯುತ್ತದೆ. ಒಂದೇ ಕಲ್ಲಿನ ಮೇಲೆ ಸ್ತುತಿ, ಸಾರಿಕೆ, ಎಚ್ಚರಿಕೆ, ಶಾಪ ಎಂಬ ನಾಲ್ಕು ಬಗೆಯ ನುಡಿಗಳು ಒಂದರೊಡನೊಂದು ಬೆರೆಯದೆ ನಿಂತಿರುತ್ತವೆ. ತಾಳಮದ್ದಳೆಯ ಪರಂಪರೆಯನ್ನು ಬಲ್ಲವರಿಗೂ ಈ ವಿವೇಕ ಹೊಸದಲ್ಲ. ಅಲ್ಲಿ ಮಾತನಾಡುವುದಕ್ಕೆ ‘ಅರ್ಥ ಹೇಳುವುದು’ ಎಂದೇ ಹೆಸರು. ಪೀಠಿಕೆ ಬೇರೆ, ಸಂವಾದ ಬೇರೆ, ಆಕ್ಷೇಪ ಬೇರೆ ಎಂಬುದನ್ನು ಹೊನ್ನಾವರ, ಕುಮಟೆಯ ಸಾಮಾನ್ಯ ಪ್ರೇಕ್ಷಕನೂ ಬಲ್ಲ.

ಇಷ್ಟು ವಿವೇಕವಿದ್ದ ನುಡಿಯಲ್ಲಿ ಇಂದು ಆಡಳಿತದ ಮಾತು ಎಲ್ಲಿಗೆ ಬಂದು ನಿಂತಿದೆ? ‘ಘೋಷಣೆ’ ಎಂಬ ಒಂದೇ ಪದವನ್ನು ಪರಿಶೀಲಿಸಿದರೆ ಸಾಕು. ಸಂವಿಧಾನದ 352ನೆಯ ವಿಧಿಯಂತೆ ರಾಷ್ಟ್ರಪತಿ ಹೊರಡಿಸುವ ತುರ್ತು ಪರಿಸ್ಥಿತಿಯ ‘ಪ್ರೊಕ್ಲಮೇಷನ್’ ಘೋಷಣೆ. ಮಂತ್ರಿಯೊಬ್ಬರು ಸಭೆಯಲ್ಲಿ ಯೋಜನೆಯೊಂದನ್ನು ‘ಅನೌನ್ಸ್’ ಮಾಡಿದರೆ ಅದೂ ಘೋಷಣೆ. ಮೆರವಣಿಗೆಯಲ್ಲಿ ಕೂಗುವ ‘ಸ್ಲೋಗನ್’ ಕೂಡ ಘೋಷಣೆ. ಚುನಾವಣೆಗೆ ನಿಂತವರು ಆಸ್ತಿಯ ವಿವರ ಕೊಟ್ಟರೆ ಅದು ಆಸ್ತಿ ಘೋಷಣೆ. ಕೊನೆಗೆ, ವಿದ್ಯಾರ್ಥಿವೇತನಕ್ಕಾಗಿ ಅರ್ಜಿ ಹಾಕುವ ಹದಿನೆಂಟರ ಹುಡುಗಿಯೂ ಮೇಲಿನ ವಿವರಗಳು ಸತ್ಯವೆಂದು ‘ಘೋಷಿಸುತ್ತಾಳೆ’. ಯಾರೂ ಕೇಳದ ಕೋಣೆಯಲ್ಲಿ, ಮೌನವಾಗಿ, ಪೆನ್ನಿನಿಂದ. ‘ಘುಷ್’ ಎಂದರೆ ಗಟ್ಟಿಯಾಗಿ ಸದ್ದುಮಾಡು. ಗುಟ್ಟಾಗಿ ಸಹಿ ಹಾಕುವ ಕ್ರಿಯೆಗೂ ಬೀದಿಯ ಕೂಗಿಗೂ ಒಂದೇ ಹೆಸರು ಬಂದಿದೆ.

‘ಪ್ರಮಾಣಪತ್ರ’ದ ಗೊಂದಲ ಇದಕ್ಕಿಂತ ದೊಡ್ಡದು. ನಾಡಕಚೇರಿಯು ಕೊಡುವ ಜಾತಿ ಮತ್ತು ಆದಾಯದ ‘ಸರ್ಟಿಫಿಕೇಟ್’ ಪ್ರಮಾಣಪತ್ರ. ನೋಟರಿಯ ಮುಂದೆ ಅರ್ಜಿದಾರನೇ ಆಣೆಯಿಟ್ಟು ಬರೆದುಕೊಡುವ ‘ಅಫಿಡವಿಟ್’ ಕೂಡ ಪ್ರಮಾಣಪತ್ರ. ಮೊದಲನೆಯದರಲ್ಲಿ ಸರ್ಕಾರವು ಪ್ರಜೆಯ ಬಗ್ಗೆ ಹೇಳುತ್ತದೆ, ಎರಡನೆಯದರಲ್ಲಿ ಪ್ರಜೆಯು ಸರ್ಕಾರಕ್ಕೆ ಹೇಳುತ್ತಾನೆ. ಹೊಣೆ ಹೊರುವವರು ಅದಲುಬದಲಾಗುತ್ತಾರೆ, ಹೆಸರು ಮಾತ್ರ ಬದಲಾಗುವುದಿಲ್ಲ. ಲ್ಯಾಟಿನ್ ಇಲ್ಲಿ ಎಚ್ಚರದಿಂದಿತ್ತು. ‘ಸರ್ಟಿಫಿಕೇಟ್’ ಎಂದರೆ ನಿಶ್ಚಿತಗೊಳಿಸಿದ್ದು. ‘ಅಫಿಡವಿಟ್’ ಎಂಬುದು ನಾಮಪದವೇ ಅಲ್ಲ, ಮಧ್ಯಯುಗದ ಲ್ಯಾಟಿನ್ನಿನ ಒಂದು ಪೂರ್ಣ ವಾಕ್ಯ: ‘ಆತನು ನಂಬುಗೆಯ ಮಾತು ಕೊಟ್ಟಿದ್ದಾನೆ’. ಕನ್ನಡದಲ್ಲಿ ಇದಕ್ಕೆ ಸಾಟಿಯಾದ ನುಡಿಗಟ್ಟು ಯಾವ ಹಳ್ಳಿಯಲ್ಲಿಯೂ ಸಿಗುತ್ತದೆ. ಅದು ‘ಭಾಷೆ ಕೊಡುವುದು’. ನುಡಿಗೂ ಆಣೆಗೂ ಒಂದೇ ಪದವನ್ನು ಇಟ್ಟುಕೊಂಡ ಜನಕ್ಕೆ ಆಡಳಿತದ ಕನ್ನಡವು ಈ ವ್ಯತ್ಯಾಸವನ್ನು ಹೇಳಿಕೊಡಲು ಸೋತಿರುವುದು ವಿಪರ್ಯಾಸ.

ಇದು ಪದಗಳ ಮೇಲಿನ ಕಾಳಜಿ ಮಾತ್ರವಲ್ಲ. ಸಾಕ್ಷ್ಯವಾಗಿ ಸ್ವೀಕಾರಾರ್ಹವಾದ ಡಿಕ್ಲರೇಷನ್ನಿನಲ್ಲಿ ಸುಳ್ಳು ಹೇಳುವುದು 1860ರ ಭಾರತ ದಂಡಸಂಹಿತೆಯ 199ನೆಯ ಕಲಮಿನ ಪ್ರಕಾರ ಅಪರಾಧವಾಗಿತ್ತು. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದರ ತಿರುಳು ಉಳಿದಿದೆ. ಉತ್ತರ ಕನ್ನಡದಂಥ ಕಾಡಿನ ಜಿಲ್ಲೆಯಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯ ಅರ್ಜಿಗಳು ಎಷ್ಟು ಕುಟುಂಬಗಳ ನೆಲೆಯನ್ನು ನಿರ್ಧರಿಸುತ್ತವೆ ಎಂಬುದು ಇಲ್ಲಿಯವರಿಗೆ ಗೊತ್ತು. ಪರಿಶಿಷ್ಟ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಆ ಕಾಯಿದೆಯ ನಿಯಮಗಳಲ್ಲಿ 13ನೆಯದು, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದನ್ನೂ ಪುರಾವೆಯೆಂದು ಎಣಿಸುತ್ತದೆ. ಇಲ್ಲಿ ಬೇಕಾದದ್ದು ಘೋಷಣೆಯಲ್ಲ, ಪ್ರಮಾಣಪತ್ರವೂ ಅಲ್ಲ, ‘ಹೇಳಿಕೆ’. ಕಂಡದ್ದನ್ನು ಕಂಡಂತೆ ಹೇಳುವುದು. ಎಂಬತ್ತರ ಮುದುಕನೊಬ್ಬನಿಗೆ ತಾನು ಮಾಡುತ್ತಿರುವುದು ಈ ಮೂರರಲ್ಲಿ ಯಾವುದು ಎಂದು ಕಾಗದದ ಕನ್ನಡ ಸ್ಪಷ್ಟಪಡಿಸದಿದ್ದರೆ, ಅವನು ಹೆದರಿ ಕಡಿಮೆ ಹೇಳಬಹುದು, ಇಲ್ಲವೇ ಇತರರು ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತಬಹುದು. ಎರಡರಿಂದಲೂ ನಷ್ಟ ಅವನ ಊರಿನದೇ.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬೇಕು. ‘ಡಿಕ್ಲೇರ್’ ಎಂಬ ಪದದಲ್ಲಿರುವುದು ‘ಕ್ಲಾರುಸ್’, ಅಂದರೆ ತಿಳಿಯಾದದ್ದು. ಕನ್ನಡದ ‘ತಿಳಿಸು’ ಎಂಬುದರಲ್ಲಿಯೂ ಇರುವುದು ತಿಳಿನೀರಿನ, ತಿಳಿಗನ್ನಡದ ‘ತಿಳಿ’ಯೇ. ಆದ್ದರಿಂದ ಡಿಕ್ಲರೇಷನ್ನಿಗೆ ಘೋಷಣೆ ತಪ್ಪು, ತಿಳಿಸುವಿಕೆಯೇ ಸರಿ ಎಂದು ವಾದಿಸುವ ಮೋಹ ಸಹಜ. ಆದರೆ ಈ ವಾದ ನಿಲ್ಲುವುದಿಲ್ಲ. ‘ಕ್ಲಾರುಸ್’ ಕೂಡ ಮೂಲದಲ್ಲಿ ಕಿವಿಗೆ ಸ್ಫುಟವಾಗಿ ಕೇಳುವುದು ಎಂಬರ್ಥದ್ದಾಗಿದ್ದು, ಅದೇ ‘ಕಲಾರೆ’, ‘ಕ್ಲಾಮಾರೆ’ಗಳ ಕೂಗಿನ ಬಳಗಕ್ಕೆ ಸೇರುತ್ತದೆ ಎಂಬುದು ಭಾಷಾಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಕೂಗಿನಿಂದ ಸ್ಪಷ್ಟತೆ, ಸ್ಪಷ್ಟತೆಯಿಂದ ಹೇಳಿಕೆ ಎಂದು ಅರ್ಥ ನಡೆದುಬಂದಿದೆ. ಧಾತುವಿನ ಅರ್ಥವೇ ಪದದ ಅರ್ಥವೆಂದು ಹಟ ಹಿಡಿದರೆ ವ್ಯಾಕರಣ ಉಳಿಯದು. ಯೌಗಿಕಾರ್ಥ ಬೇರೆ, ರೂಢ್ಯರ್ಥ ಬೇರೆ ಎಂಬುದನ್ನು ‘ಪಂಕಜ’ದ ಉದಾಹರಣೆಯಿಂದ ಶಾಸ್ತ್ರಕಾರರು ಎಂದೋ ಕಲಿಸಿದ್ದಾರೆ. ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜವಲ್ಲ. ಲ್ಯಾಟಿನ್ ಧಾತುಗಳ ಪಟ್ಟಿಯ ದೊಡ್ಡ ಅಪಾಯವೂ ಇದೇ. ‘ಅಡಿಕ್ಟ್’ ಎಂಬುದನ್ನು ‘ಹತ್ತಿರ ಹೇಳು’ ಎಂದು ಬಿಡಿಸಿದ ವಿದ್ಯಾರ್ಥಿಗೆ ಏನೂ ತಿಳಿಯಲಿಲ್ಲ. ರೋಮಿನ ಸಾಲಗಾರನ ಕಥೆ ಕೇಳಿದವನಿಗೆ ಎಲ್ಲವೂ ತಿಳಿಯಿತು.

ಆದ್ದರಿಂದ ಘೋಷಣೆಯನ್ನು ವಿರೋಧಿಸಬೇಕಾದದ್ದು ಧಾತುವಿನ ಕಾರಣಕ್ಕಲ್ಲ, ರೂಢಿಯ ಕಾರಣಕ್ಕೇ. ರೂಢಿಯಲ್ಲಿ ಅದು ನಾಲ್ಕೈದು ಬೇರೆ ಬೇರೆ ಕ್ರಿಯೆಗಳ ಮೇಲೆ ಹರಡಿಕೊಂಡು ಯಾವುದನ್ನೂ ಗುರುತಿಸಲಾರದಷ್ಟು ಸವೆದಿದೆ. ಘೋಷಣೆಯನ್ನು ಸರ್ಕಾರಕ್ಕೂ ಸಭೆಗೂ ಬಿಟ್ಟುಕೊಡಬಹುದು. ವಿವರಗಳಿಗೆ ಸಹಿ ಹಾಕುವವನು ‘ಈ ಸಂಗತಿಗಳು ನಿಜವೆಂದು ತಿಳಿಸುತ್ತೇನೆ, ಸುಳ್ಳಾದರೆ ಹೊಣೆ ನನ್ನದು’ ಎಂದರೆ ಸಾಕು. ಆಣೆಯಿಟ್ಟು ಬರೆದುಕೊಡುವುದು ‘ಶಪಥಪತ್ರ’ವಾಗಲಿ. ವಾಸಸ್ಥಳಕ್ಕೆ ಈಗಾಗಲೇ ಬಳಕೆಯಲ್ಲಿರುವ ‘ದೃಢೀಕರಣ ಪತ್ರ’ ಎಂಬ ಹೆಸರು ಜಾತಿಗೂ ಆದಾಯಕ್ಕೂ ಒಪ್ಪುತ್ತದೆ. 1969ರ ಪ್ರಮಾಣಗಳ ಕಾಯಿದೆ ದೇವರ ಹೆಸರಿನಲ್ಲಿ ಆಣೆ ಇಡಲೊಲ್ಲದವನಿಗೆ ‘ಅಫರ್ಮ್’ ಮಾಡುವ ಹಕ್ಕು ಕೊಟ್ಟಿದೆ. ಅಲ್ಲಿರುವುದೂ ‘ಫಿರ್ಮುಸ್’, ದೃಢವಾದದ್ದು. ಆಣೆಗೂ ದೃಢೋಕ್ತಿಗೂ ಇರುವ ಈ ಗೆರೆ ಕನ್ನಡದಲ್ಲಿ ಅಳಿಸಿಹೋಗಬಾರದು.

ನುಡಿಯ ಹೊಣೆಯನ್ನು ಸೂಕ್ಷ್ಮವಾಗಿ ವಿಂಗಡಿಸುವುದು ಪಶ್ಚಿಮದಿಂದ ಕಲಿಯಬೇಕಾದ ವಿದ್ಯೆಯಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಮಿಥ್ಯೋಪದೇಶದ ಜೊತೆಗೆ ‘ಕೂಟಲೇಖಕ್ರಿಯೆ’ಯನ್ನೂ ಹೆಸರಿಸುತ್ತದೆ. ಸುಳ್ಳು ಬೋಧೆ ಬೇರೆ, ಗುಟ್ಟು ಹೊರಗೆಡಹುವುದು ಬೇರೆ, ಸುಳ್ಳು ಪತ್ರ ಬರೆಯುವುದು ಬೇರೆ, ನಂಬಿ ಇಟ್ಟದ್ದನ್ನು ಮಾತಿನ ಜಾಣತನದಿಂದ ಲಪಟಾಯಿಸುವುದು ಬೇರೆ. ಗೃಹಸ್ಥನು ಯಾವ ಮಾತಿನಿಂದ ಯಾವ ತಪ್ಪು ಮಾಡುತ್ತಾನೆಂದು ಅವನಿಗೆ ಮೊದಲೇ ತಿಳಿದಿರಬೇಕು ಎಂಬ ಕಳಕಳಿ ಅಲ್ಲಿದೆ. ಆಧುನಿಕ ಅರ್ಜಿಯ ಕೊನೆಯ ಸಾಲಿನಲ್ಲಿ ಇರಬೇಕಾದದ್ದೂ ಇದೇ ಕಳಕಳಿ.

ಆ ತತ್ತ್ವಾರ್ಥಕ್ಕೆ ಕನ್ನಡದಲ್ಲಿ ‘ಚೂಡಾಮಣಿ’ ಎಂಬ 96,000 ಗ್ರಂಥಪ್ರಮಾಣದ ವ್ಯಾಖ್ಯಾನವಿತ್ತು ಎಂದು ನೆನಪಿಸಿದವನು ಭಟ್ಟಾಕಳಂಕ. ಕನ್ನಡವು ಶಾಸ್ತ್ರಕ್ಕೆ ಒಗ್ಗದ ಭಾಷೆ ಎಂಬವರಿಗೆ ಅವನು ಕೊಟ್ಟ ಉತ್ತರ ಅದು. ಅವನ ಗುರು ಅಕಳಂಕದೇವನನ್ನು ವಿದ್ವಾಂಸರು ಹಾಡುವಳ್ಳಿಯ ಮಠದೊಂದಿಗೂ ಸೋದೆಯ ಮಠದೊಂದಿಗೂ ಜೋಡಿಸಿದ್ದಾರೆ. 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ ಮುಗಿದದ್ದು 1604ರಲ್ಲಿ. ಅದೇ ಕಾಲಕ್ಕೆ, ಅದೇ ಕರಾವಳಿಯ ಉತ್ತರದಲ್ಲಿ, ಥಾಮಸ್ ಸ್ಟೀಫನ್ಸ್ ಕೊಂಕಣಿಗೆ ಲ್ಯಾಟಿನ್ ಮಾದರಿಯಲ್ಲಿ ವ್ಯಾಕರಣ ಕಟ್ಟುತ್ತಿದ್ದ. ಒಬ್ಬನು ಸಂಸ್ಕೃತದ ಸೂತ್ರಗಳಿಂದ, ಇನ್ನೊಬ್ಬನು ಲ್ಯಾಟಿನ್ನಿನ ಚೌಕಟ್ಟಿನಿಂದ ಜನರ ನುಡಿಯನ್ನು ನೋಡಿದ. ಇಬ್ಬರೂ ಆ ನುಡಿಯನ್ನು ಕೀಳೆಂದು ಬಗೆಯಲಿಲ್ಲ. ಇಂದಿನ ತರಗತಿಗೆ ಬೇಕಾದದ್ದು ಈ ಎರಡೂ ನೋಟಗಳು ಒಟ್ಟಿಗೆ. ‘ಡಿಕ್ಟ್’ನ ಪಕ್ಕದಲ್ಲಿ ‘ಆದೇಶ’, ‘ಪ್ರಿಫೇಸ್’ನ ಪಕ್ಕದಲ್ಲಿ ‘ಮುನ್ನುಡಿ’, ‘ಪ್ರೊಕ್ಲೇಮ್’ನ ಪಕ್ಕದಲ್ಲಿ ‘ಸಾಱು’, ‘ಅಫಿಡವಿಟ್’ನ ಪಕ್ಕದಲ್ಲಿ ‘ಭಾಷೆ ಕೊಡು’ ಎಂದು ಬರೆದು ಕಲಿಸಿದರೆ ಇಂಗ್ಲಿಷೂ ಬರುತ್ತದೆ, ಕನ್ನಡವೂ ಉಳಿಯುತ್ತದೆ. ಹಾಗೆ ಕಲಿತವರಲ್ಲಿ ಕೆಲವರು ನಾಳೆ ಕಚೇರಿಗಳಲ್ಲಿ ಕುಳಿತು ಅರ್ಜಿಗಳ ಒಕ್ಕಣೆಯನ್ನು ಬರೆಯುವವರೇ ಆಗಿರುತ್ತಾರೆ. ಆಗಲಾದರೂ ಸಹಿಯ ಮೇಲಿನ ಸಾಲು, ಸಹಿ ಹಾಕುವವನಿಗೆ ತಿಳಿಯುವಂತಿರಬೇಕು.